ಗಾಳಿ ಜೋರಾಗಿದ್ದರೆ 5 ಡಿಗ್ರಿಯಲ್ಲೂ ಫ್ರಾಸ್ಟ್‌ಬೈಟ್ ಆಗುತ್ತಾ?

ಪ್ರಶ್ನೆ: ತಾಪಮಾನ 5 ಡಿಗ್ರಿ ಸೆಲ್ಸಿಯಸ್, ಗಾಳಿ ಗಂಟೆಗೆ 40 ಕಿ.ಮೀ. ವಿಂಡ್ ಚಿಲ್ (ಗಾಳಿಯಿಂದಾಗಿ ಮೈಗೆ ಅನಿಸುವ ಚಳಿ) ಮೈನಸ್ 1 ಅಂತ ತೋರಿಸ್ತಿದೆ. ಹೊರಗೆ ಹೋದರೆ ಫ್ರಾಸ್ಟ್‌ಬೈಟ್ ಆಗುತ್ತಾ, ಅಂದರೆ ಚಳಿಗೆ ಚರ್ಮ ಹೆಪ್ಪುಗಟ್ಟುತ್ತಾ?

ಇಲ್ಲ. ಚಳಿಗಾಲ ಬಂತು ಅಂದ್ರೆ ಈ ಪ್ರಶ್ನೆಯೂ ಬಂತು. ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕ ಇಟ್ಟಿಲ್ಲ. ಈ ಸಲ ಬೇರುಸಮೇತ ಕಿತ್ತುಹಾಕೋಣ.

ಗಾಳಿ ಬೀಸಿದರೆ ತಾಪಮಾನವೇ ಇಳಿಯುತ್ತದೆ ಅನ್ನೋದು ತಪ್ಪು. ಒಣ ಥರ್ಮಾಮೀಟರನ್ನು ಫ್ಯಾನಿನ ಮುಂದೆ ಹಿಡಿದು ನೋಡಿ. ಅಂಕಿ ಇಳಿಯುವುದಿಲ್ಲ. ಅಲ್ಲೇ ನೀವು ನಿಂತರೆ ಮೈ ತಣ್ಣಗಾಗುತ್ತದೆ, ಅಲ್ವಾ? ಥರ್ಮಾಮೀಟರಿಗೆ ಸ್ವಂತ ಬಿಸಿ ಇಲ್ಲ, ನಿಮಗಿದೆ. ನಿಮ್ಮ ಮೈಗೆ ತಾಗಿಕೊಂಡೇ ಬೆಚ್ಚಗಿನ ಗಾಳಿಯ ತೆಳು ಪದರವೊಂದು ಇರುತ್ತದೆ. ಬೀಸುವ ಗಾಳಿ ಅದನ್ನು ಹೊತ್ತೊಯ್ಯುತ್ತದೆ. ದೇಹ ಮತ್ತೆ ಬಿಸಿ ಮಾಡುತ್ತದೆ, ಗಾಳಿ ಮತ್ತೆ ಒಯ್ಯುತ್ತದೆ. ವಿಂಡ್ ಚಿಲ್ ಅಂದರೆ ಈ ನಷ್ಟದ ವೇಗವನ್ನು ಡಿಗ್ರಿಯಲ್ಲಿ ಹೇಳುವ ಅಂಕಿ, ಅಷ್ಟೇ.

ಹೊರಗೆ ನಿಲ್ಲಿಸಿದ ಕಾರಿನ ಎಂಜಿನ್ ಗಾಳಿಗೆ ಬೇಗ ತಣ್ಣಗಾಗುತ್ತದೆ, ನಿಜ. ಆದರೆ 5 ಡಿಗ್ರಿಗೆ ಬಂದು ನಿಲ್ಲುತ್ತದೆ. ರಾತ್ರಿಯಿಡೀ ಬೀಸಿದರೂ ಗಾಳಿ ಅದನ್ನು ತನಗಿಂತ ತಣ್ಣಗೆ ಮಾಡಲಾರದು. ಚರ್ಮದ ಕಥೆಯೂ ಇದೇ. ಅದು ಹೆಪ್ಪುಗಟ್ಟಬೇಕಾದರೆ ಸೊನ್ನೆಗಿಂತ ಕೆಳಗೆ ಹೋಗಬೇಕು. 5 ಡಿಗ್ರಿಯ ಗಾಳಿ ಅಲ್ಲಿಗೆ ಒಯ್ಯುವುದು ಹೇಗೆ? (ನೆನೆದ ಬಟ್ಟೆಯಲ್ಲಿ ಹೀಗೆ ಗಾಳಿಗೆ ನಿಂತರೆ ಇಡೀ ಮೈಯ ಉಷ್ಣತೆ ಕುಸಿಯಬಹುದು. ಅದೂ ಅಪಾಯವೇ, ಆದರೆ ಫ್ರಾಸ್ಟ್‌ಬೈಟ್ ಅಲ್ಲ.)

ವಿಂಡ್ ಚಿಲ್ ಲೆಕ್ಕ ಶುರುವಾದದ್ದು ಹೀಗೆ: 1940ರ ದಶಕದಲ್ಲಿ ಸಂಶೋಧಕರಾದ ಪಾಲ್ ಸೈಪಲ್, ಚಾರ್ಲ್ಸ್ ಪ್ಯಾಸೆಲ್ ಅಂಟಾರ್ಕ್ಟಿಕಾದಲ್ಲಿ ಪ್ಲಾಸ್ಟಿಕ್ ಸಿಲಿಂಡರಿನಲ್ಲಿ ನೀರು ತುಂಬಿಟ್ಟು, ಅದು ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ಅಳೆದರು. 2001ರಲ್ಲಿ ಅಮೆರಿಕ, ಕೆನಡಾ ಈ ಲೆಕ್ಕದ ಸೂತ್ರ ಬದಲಿಸಿದವು. ಅದಕ್ಕಾಗಿ ಜನರನ್ನು ತಣ್ಣನೆಯ ಗಾಳಿಗೆ ಮುಖವೊಡ್ಡಿ ಟ್ರೆಡ್‌ಮಿಲ್ ಮೇಲೆ ನಡೆಸಿದ್ದರು. ಹಾಗಾಗಿ ಈ ಅಂಕಿ ಮುಚ್ಚದ ಮುಖದ ಲೆಕ್ಕ.

ನಿಜವಾದ ಅಪಾಯ ಇರುವುದು ತಾಪಮಾನವೇ ಸೊನ್ನೆಗಿಂತ ಕೆಳಗಿದ್ದಾಗ. ಮೈನಸ್ 20ರಲ್ಲಿ ಗಂಟೆಗೆ 30 ಕಿ.ಮೀ. ಗಾಳಿ ಬೀಸಿದರೆ ವಿಂಡ್ ಚಿಲ್ ಮೈನಸ್ 33. ಮುಚ್ಚದ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಮೂಗಿನ ತುದಿ, ಕಿವಿ, ಕೆನ್ನೆ, ಬೆರಳು ಮೊದಲು. ಆರಂಭದಲ್ಲಿ ಚುಚ್ಚುತ್ತದೆ, ನೋಯುತ್ತದೆ. ಆಮೇಲೆ ನೋವು ನಿಲ್ಲುತ್ತದೆ. ‘ಸದ್ಯ, ಸರಿಹೋಯ್ತು’ ಅನ್ನಬೇಡಿ, ಜಾಸ್ತಿ ಹೆದರಬೇಕಾದದ್ದು ಆಗಲೇ. ಬೆರಳು ಬಿಳಿಚಿ ಅಥವಾ ಬೂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಮೇಣದ ಬತ್ತಿಯ ಹಾಗೆ ಗಟ್ಟಿಯಾಗಿರುತ್ತದೆ. ಕಪ್ಪು ಚರ್ಮದಲ್ಲಿ ಬಣ್ಣ ಬದಲಾದದ್ದು ಸುಲಭಕ್ಕೆ ಕಾಣದು, ಮುಟ್ಟಿಯೇ ನೋಡಿ.

ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ: ಹೆಪ್ಪುಗಟ್ಟಿದ ಜಾಗಕ್ಕೆ ಹಿಮ ಹಾಕಿ ಉಜ್ಜಬೇಡಿ. ‘ಬೆಂಕಿ ಬೇಡ, ಹಿಮ ಉಜ್ಜಿ’ ಅನ್ನೋದು ನೆಪೋಲಿಯನ್ನನ ಸೇನೆಯ ವೈದ್ಯ ಲ್ಯಾರೆ 1812ರ ರಷ್ಯಾ ದಂಡಯಾತ್ರೆ ಕಂಡು ಹೇಳಿದ ಮಾತು. ಬೆಂಕಿಗೆ ಕೈಯೊಡ್ಡಿದ ಸೈನಿಕರು ಸುಟ್ಟುಕೊಳ್ಳುತ್ತಿದ್ದರು, ಮರುದಿನದ ನಡಿಗೆಯಲ್ಲಿ ಕೈಕಾಲು ಮತ್ತೆ ಹೆಪ್ಪುಗಟ್ಟುತ್ತಿತ್ತು. ಬೆಂಕಿ ಬೇಡ ಅಂದದ್ದು ಸರಿ. ಹಿಮ ಮಾತ್ರ ತಪ್ಪು. ಉಜ್ಜಿದರೆ ಹೆಪ್ಪುಗಟ್ಟಿದ ಚರ್ಮ ಇನ್ನಷ್ಟು ಹಾಳಾಗುತ್ತದೆ. ಮತ್ತೆ ಹೆಪ್ಪುಗಟ್ಟುವ ಭಯವಿಲ್ಲದ ಜಾಗಕ್ಕೆ ಬಂದ ಮೇಲೆಯೇ 37ರಿಂದ 39 ಡಿಗ್ರಿ ನೀರಿನಲ್ಲಿ ಅದ್ದಿ, ವೈದ್ಯರಿಗೆ ತೋರಿಸಿ. ನೀರಿನ ಬಿಸಿಯನ್ನು ಬೇರೆಯವರ ಕೈಯಿಂದ ಮುಟ್ಟಿಸಿ ನೋಡಿ. ಜೋಮು ಹಿಡಿದ ಬೆರಳಿಗೆ ಕುದಿಯುವ ನೀರೂ ಗೊತ್ತಾಗುವುದಿಲ್ಲ.