ಸಾವಿನ ಮನೆಯಲ್ಲಿ ನಗಬಹುದಾ? ಊಟ ಚೆನ್ನಾಗಿತ್ತು ಅನ್ನಬಹುದಾ?

ಓದುಗರ ಪ್ರಶ್ನೆ: ನಾನು ಬೆಳೆದಿದ್ದು ಬೆಂಗಳೂರಿನಲ್ಲಿ. ಗಂಡನ ಊರು ತೀರ್ಥಹಳ್ಳಿ ಹತ್ತಿರ. ಅವರ ದೊಡ್ಡಜ್ಜ ತೀರಿಕೊಂಡಾಗ ಆ ಮನೆಯವರೇ ಅಜ್ಜನ ಕಥೆ ಹೇಳಿಕೊಂಡು ನಗುತ್ತಿದ್ದರು. ನನಗೂ ನಗು ಬಂತು, ಕಷ್ಟಪಟ್ಟು ತಡೆದುಕೊಂಡೆ. ಹನ್ನೆರಡನೇ ದಿನ ಎಲೆ ಮುಂದೆ ಕೂತು ‘ಊಟ ತುಂಬಾ ಚೆನ್ನಾಗಿದೆ’ ಅಂದೆ. ಅತ್ತೆ ಕಣ್ಣು ಬಿಟ್ಟರು. ನಾನು ಎಲ್ಲಿ ತಪ್ಪಿದೆ?

ಉತ್ತರ: ನಗು ತಡೆಯಬೇಕಾಗಿರಲಿಲ್ಲ. ಸಾವಿನ ಮನೆಯಲ್ಲಿ ಮೊದಲು ನಗಬೇಕಾದವರು ಮನೆಯವರು, ಅಷ್ಟೇ. ಅವರು ಶುರು ಮಾಡಿದ ಮೇಲೆ ಬಂದವರೂ ನಗಬಹುದು. ಬಿಗಿಯಾಗಿ ಕೂತರೆ ಅವರಿಗೇ ಮುಜುಗರ.

ನಮ್ಮ ಕಡೆ ತೊಂಬತ್ತು ದಾಟಿದವರು ಮಲಗಿದಲ್ಲೇ ಹೋದರೆ ‘ಪುಣ್ಯಾತ್ಮ, ಯಾರ ಕೈಲೂ ಮಾಡಿಸಿಕೊಳ್ಳಲಿಲ್ಲ’ ಅನ್ನುತ್ತಾರೆ. ಆ ಮಾತು ಬಂದರೆ ಮನೆ ಸ್ವಲ್ಪ ಹಗುರಾಯಿತು ಅಂತ ಲೆಕ್ಕ. ಸಂಜೆ ಜಗಲಿಯಲ್ಲಿ ಕವಳದ, ಅಂದರೆ ಎಲೆ ಅಡಿಕೆಯ, ತಟ್ಟೆ ಸುತ್ತ ನಾಲ್ಕು ಜನ ಕೂರುತ್ತಾರೆ. ಅಜ್ಜ ಅಡಿಕೆ ಕೊನೆ ಕೊಯ್ಯುವ ಕೊನೆಗೌಡನ ಜೊತೆ ಮಾಡಿದ ಜಗಳ, ಪೇಟೆಯಲ್ಲಿ ಕೊಡೆ ಮರೆತು ಬಂದು ಮನೆಯವರನ್ನೆಲ್ಲ ಬೈದಿದ್ದು, ಒಂದೊಂದೇ ಹೊರಗೆ ಬರುತ್ತದೆ. ಚಿಕ್ಕ ವಯಸ್ಸಿನವರು ಹೋದ ಮನೆಯಲ್ಲಿ ಮಾತ್ರ ಇದು ಯಾವುದೂ ಇಲ್ಲ. ಅಲ್ಲಿ ಸುಮ್ನೆ ಪಕ್ಕದಲ್ಲಿ ಕೂತಿರಿ. ‘ಹೆಂಗಾಯ್ತು, ಯಾವ ಆಸ್ಪತ್ರೆ’ ಅಂತ ಕೇಳಬೇಡಿ. ಅವರು ಅದನ್ನು ಆಗಲೇ ನೂರು ಜನಕ್ಕೆ ಹೇಳಿರುತ್ತಾರೆ.

ನಗು ಎಷ್ಟು ದೊಡ್ಡ ಕೆಲಸ ಮಾಡುತ್ತದೆ ಅಂತ ನಾನು ಕಂಡಿದ್ದು ನನ್ನ ಅಜ್ಜಿ ಹೋದಾಗ. ಹತ್ತನೇ ದಿನ ಹೊಳೆ ದಂಡೆಯಲ್ಲಿ ಪಿಂಡ ಇಟ್ಟು ಕಾಗೆಗೆ ಕಾದೆವು. ಕಾಗೆ ಮುಟ್ಟದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆ ಅಂತ ನಂಬಿಕೆ. ಎಷ್ಟು ಹೊತ್ತಾದರೂ ಬಾರದೇ ಹೋದರೆ ದರ್ಭೆಯಲ್ಲೇ ಕಾಗೆ ಮಾಡಿ ಮುಟ್ಟಿಸುವುದೂ ಉಂಟು. ಮುಕ್ಕಾಲು ಗಂಟೆ ಆಯಿತು. ದೊಡ್ಡಪ್ಪ ಕೈಮುಗಿದು, ‘ಅಮ್ಮಾ, ತಮ್ಮನ ಮಗಳ ಮದುವೆ ನಾನೇ ಮುಂದೆ ನಿಂತು ಮಾಡ್ತೀನಿ’ ಅಂದರು. ಬರಲಿಲ್ಲ. ಕೊನೆಗೆ ಚಿಕ್ಕಮ್ಮ, ‘ಅತ್ತೆ, ಅಪ್ಪೆಮಿಡಿ ಉಪ್ಪಿನಕಾಯಿ ಭರಣಿ ನೀವು ಇಟ್ಟಲ್ಲೇ ಇದೆ, ಯಾರೂ ಕೈ ಹಾಕಿಲ್ಲ’ ಅಂದರು. ಮಾವಿನ ಮರದಿಂದ ಕಾಗೆ ಇಳಿಯಿತು. ಎಲ್ಲರೂ ನಕ್ಕೆವು. ನಗುತ್ತಾ ನಗುತ್ತಾ ದೊಡ್ಡಪ್ಪ ಅಳುವುದಕ್ಕೆ ಶುರು ಮಾಡಿದರು. ಅಲ್ಲಿಯವರೆಗೆ ಅವರು ಅತ್ತಿದ್ದನ್ನು ಯಾರೂ ನೋಡಿರಲಿಲ್ಲ.

ಇನ್ನು ಊಟ. ಮಲೆನಾಡಿನಲ್ಲಿ ಒಂಟಿ ಮನೆಗಳು ಜಾಸ್ತಿ. ತೋಟಕ್ಕೊಂದು ಮನೆ, ಪಕ್ಕದ ಮನೆ ಅಂದರೆ ಒಂದು ಗುಡ್ಡದ ಆಚೆ. ಸುದ್ದಿ ಕೇಳಿ ಬರುವವರು ನಡೆದು ಬಂದಿರುತ್ತಾರೆ. ಹೆಣ ಎತ್ತುವವರೆಗೆ ಆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಹಾಗಾಗಿ ನೆರೆಯವರೇ ಗಂಜಿ ಬೇಯಿಸಿ ತರುತ್ತಾರೆ. ಮಳೆಗಾಲದಲ್ಲಿ ಒಣ ಸೌದೆಯನ್ನೂ ತರುತ್ತಾರೆ. ಆಗುಂಬೆ ಸುತ್ತಮುತ್ತ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಅಂಥ ಕಡೆ ಒಂದು ಹೊರೆ ಒಣ ಸೌದೆಗಿಂತ ದೊಡ್ಡ ಉಪಕಾರ ಬೇರೆ ಇಲ್ಲ. ಆ ದಿನ ನಿಮಗೂ ಗಂಜಿ ಕೊಟ್ಟರೆ ಬೇಡ ಅನ್ನಬೇಡಿ. ನೀವು ಕುಡಿದರೆ ಮನೆಯವರೂ ಎರಡು ಗುಟುಕು ಕುಡಿಯುತ್ತಾರೆ.

ನಿಮ್ಮ ಅತ್ತೆ ಕಣ್ಣು ಬಿಟ್ಟಿದ್ದಕ್ಕೆ ಬೇರೆ ಕಾರಣ ಇದೆ. ಬ್ರಾಹ್ಮಣರ ಮನೆಗಳಲ್ಲಿ ಹನ್ನೆರಡನೇ ದಿನದ ಅಡುಗೆ ಶ್ರಾದ್ಧದ ಅಡುಗೆ. ಅದು ಹೋದವರಿಗೆ ಅಂತ ಮಾಡಿದ್ದು. ಅಲ್ಲಿ ರುಚಿಯ ಮಾತು ಆಡಬಾರದು. ಮನೆಯವರು ಕೇಳಿದರೂ ಅಡುಗೆಯ ಗುಣ ಹೇಳಬೇಡಿ ಅಂತ ಮನುಸ್ಮೃತಿಯ ಮೂರನೇ ಅಧ್ಯಾಯದಲ್ಲೇ ಇದೆ. ಉಂಡ ಭಟ್ಟರನ್ನು ‘ತೃಪ್ತಿ ಆಯ್ತಾ’ ಅಂತ ಕೇಳುತ್ತಾರೆ. ‘ತೃಪ್ತಿ ಆಯ್ತು’ ಅನ್ನುವುದಷ್ಟೇ ಉತ್ತರ. ನೀವೂ ಅಷ್ಟೇ ಹೇಳಿದ್ದರೆ ಸಾಕಿತ್ತು.

ಆದರೂ ನಿಮ್ಮ ನಾಲಿಗೆ ತಪ್ಪೇನೂ ಹೇಳಿಲ್ಲ. ಆ ಅಡುಗೆ ನಿಜಕ್ಕೂ ಚೆನ್ನಾಗಿರುತ್ತದೆ! ಈರುಳ್ಳಿ, ಬೆಳ್ಳುಳ್ಳಿ ಇಲ್ಲ. ಎಷ್ಟೋ ಮನೆಗಳಲ್ಲಿ ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆಯೂ ಇಲ್ಲ. ಈ ಮೂರೂ ಅಮೆರಿಕ ಖಂಡದವು. 1498ರಲ್ಲಿ ವಾಸ್ಕೋ ಡ ಗಾಮ ಬಂದ ಮೇಲೆ, ಹಡಗು ಹತ್ತಿ ನಮ್ಮ ಕಡೆಗೆ ಬಂದವು. ಅದಕ್ಕೂ ಹಿಂದಿನ ನಮ್ಮ ಅಡುಗೆ ಹೇಗಿತ್ತು ಅಂತ ನೋಡಬೇಕಾದರೆ ಶ್ರಾದ್ಧದ ಎಲೆ ನೋಡಬೇಕು. ಖಾರಕ್ಕೆ ತೋಟದ ಕಾಳುಮೆಣಸು. ಪಲ್ಯಕ್ಕೆ ಬಾಳೆಕಾಯಿ, ಹಾಗಲಕಾಯಿ. ಜೊತೆಗೆ ಉದ್ದಿನ ವಡೆ, ಎಳ್ಳುಂಡೆ, ಪಾಯಸ. ನಾವು ‘ಮೆಣಸು’ ಅಂತ ಮೊದಲು ಕರೆದಿದ್ದೂ ಆ ಕಾಳನ್ನೇ ಅಲ್ವಾ?

ಮರುದಿನ, ಅಂದರೆ ಹದಿಮೂರಕ್ಕೆ, ವೈಕುಂಠ ಸಮಾರಾಧನೆ. ಅವತ್ತು ಸಿಹಿ ಬಡಿಸಿ ಮನೆಯವರನ್ನು ಮತ್ತೆ ಶುಭಕ್ಕೆ ಕರೆದುಕೊಳ್ಳುತ್ತಾರೆ. ನಿಮ್ಮ ಮಾತು ಒಂದು ದಿನ ತಡವಾಗಿ ಬಂದಿದ್ದರೆ ಅತ್ತೆ ಏನೂ ಅನ್ನುತ್ತಿರಲಿಲ್ಲ.

ಎಲ್ಲ ಮನೆಗೂ ಇದೇ ಲೆಕ್ಕ ಅಲ್ಲ. ಒಕ್ಕಲಿಗರು, ದೀವರ ಮನೆಗಳಲ್ಲಿ ಹೋದವರಿಗೆ ಇಷ್ಟವಾಗಿದ್ದನ್ನೇ ಎಡೆ ಇಡುತ್ತಾರೆ. ಮೀನು ಸಾರು ಇರಬಹುದು, ಬೀಡಿ ಕಟ್ಟೂ ಇರಬಹುದು. ಅಲ್ಲಿ ‘ಅಜ್ಜನಿಗೆ ಇದು ಬಹಳ ಇಷ್ಟ ಇತ್ತು’ ಅಂದರೆ ಖುಷಿಪಡುತ್ತಾರೆ. ಲಿಂಗಾಯತರಲ್ಲಿ ಮಣ್ಣು ಮಾಡುತ್ತಾರೆ, ಆಮೇಲೆ ಶಿವಗಣಾರಾಧನೆಯ ಊಟ. ಮುಸ್ಲಿಮರ ಮನೆಗೆ ಮೂರು ದಿನ ನೆಂಟರು, ನೆರೆಯವರೇ ಊಟ ಕಳಿಸುತ್ತಾರೆ.

ನೀವು ಕೇಳದಿದ್ದರೂ ಒಂದು ಹೇಳುತ್ತೇನೆ. ಮಣ್ಣಿಗೋ ದಹನಕ್ಕೋ ಹೋದ ದಿನ ಹೊರಡುವಾಗ ‘ಹೋಗಿ ಬರ್ತೀನಿ’ ಅನ್ನಬೇಡಿ. ಅವರೂ ‘ಬನ್ನಿ’ ಅನ್ನುವುದಿಲ್ಲ. ಹೇಳದೆ ಎದ್ದು ಬರುವುದೇ ಅಲ್ಲಿನ ಮರ್ಯಾದೆ. ತಿಂಗಳು ಬಿಟ್ಟು ಇನ್ನೊಮ್ಮೆ ಆ ಮನೆಗೆ ಹೋಗಿ. ಅಷ್ಟು ಹೊತ್ತಿಗೆ ನೆಂಟರೆಲ್ಲ ಹೊರಟು ಹೋಗಿರುತ್ತಾರೆ, ಅಜ್ಜಿ ಒಬ್ಬರೇ ಜಗಲಿಯಲ್ಲಿ ಕೂತಿರುತ್ತಾರೆ. ಅವತ್ತು ಬರುವಾಗ ‘ಹೋಗಿ ಬರ್ತೀನಿ ಅಜ್ಜಿ’ ಅಂತ ಎರಡು ಸಲ ಬೇಕಾದರೂ ಹೇಳಿ.