76 ಪೌಂಡ್ 120 ಆದದ್ದು ಹೇಗೆ: ಬ್ರಿಟನ್ ನರ್ಸ್‌ಗಳ ನೋಂದಣಿ ಶುಲ್ಕದ ಟಿಪ್ಪಣಿ

ಬ್ರಿಟನ್‌ನಲ್ಲಿ ನರ್ಸ್ ಆಗಿ ಕೆಲಸ ಮಾಡಬೇಕಾದರೆ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್, ಅಂದರೆ ಎನ್‌ಎಂಸಿಯ ರಿಜಿಸ್ಟರ್‌ನಲ್ಲಿ ಹೆಸರಿರಬೇಕು. ಹೆಸರು ಉಳಿಯಬೇಕಾದರೆ ಪ್ರತಿ ವರ್ಷ ಶುಲ್ಕ ಕಟ್ಟಬೇಕು. ಕಟ್ಟದಿದ್ದರೆ ಹೆಸರು ಹೋಗುತ್ತದೆ, ಮತ್ತೆ ಸೇರುವ ತನಕ ನರ್ಸ್ ಅಂತ ಡ್ಯೂಟಿ ಮಾಡುವ ಹಾಗಿಲ್ಲ. ಇದು ಸುಲಭ. ನಿಯಂತ್ರಣ ಸಂಸ್ಥೆಗಳ ಪಾಠದಲ್ಲಿ ಕಷ್ಟ ಶುರುವಾಗೋದು ಶುಲ್ಕ ಏರಿಕೆಯ ಲೆಕ್ಕ ಬಂದಾಗ. ತಲೆಯಲ್ಲಿ ಬಿಸಿ ಇರುವಾಗಲೇ ಬರೆದಿಡುತ್ತಿದ್ದೇನೆ.

ಮೊದಲು ಇಸವಿಗಳು

ಎನ್‌ಎಂಸಿ ಕೆಲಸ ಶುರು ಮಾಡಿದ್ದು 2002ರಲ್ಲಿ. ಅದರ ಹಿಂದಿನ ಕಾನೂನು 2001ರದು. 2013ಕ್ಕಿಂತ ಮುಂಚೆ ಶುಲ್ಕ 76 ಪೌಂಡ್. 2012ರಲ್ಲಿ ಅದನ್ನು 120ಕ್ಕೆ ಏರಿಸುವ ಪ್ರಸ್ತಾವ ಬಂತು. ನರ್ಸ್‌ಗಳ ಸಂಬಳ ಸ್ಥಗಿತವಾಗಿದ್ದ ಕಾಲ ಅದು, ಗಲಾಟೆ ಆಯಿತು. ಕೊನೆಗೆ ಸರ್ಕಾರ 2 ಕೋಟಿ ಪೌಂಡ್ ಅನುದಾನ ಕೊಟ್ಟು, 2013ರಲ್ಲಿ ಶುಲ್ಕ 100 ಪೌಂಡಿಗೆ ನಿಂತಿತು. 2015ರಲ್ಲಿ 120 ಆಗಿಯೇ ಹೋಯಿತು. 76ರಿಂದ 120 ಅಂದರೆ ಸುಮಾರು ಶೇ. 58ರಷ್ಟು ಏರಿಕೆ. ಸಂಬಳಕ್ಕೆ ಆಗ ಶೇ. 1ರ ಮಿತಿ ಇತ್ತು ಅನ್ನೋದನ್ನು ಇದರ ಪಕ್ಕದಲ್ಲೇ ಬರೆದುಕೊಳ್ಳಿ. ಎರಡನ್ನೂ ಒಟ್ಟಿಗೆ ನೋಡಿದರೆ ಸಿಟ್ಟು ಯಾಕೆ ಅಂತ ಬೇರೆ ವಿವರಣೆ ಬೇಕಿಲ್ಲ.

ದುಡ್ಡು ಎಲ್ಲಿಗೆ ಹೋಗುತ್ತದೆ

ನಮ್ಮಲ್ಲಿ ಬಹಳ ಜನ ಇದನ್ನು ರಿಜಿಸ್ಟರ್ ಇಟ್ಟುಕೊಳ್ಳುವ ಖರ್ಚು ಅಂದುಕೊಂಡು ಮುಂದೆ ಹೋಗುತ್ತಾರೆ. ರಿಜಿಸ್ಟರ್ ಇಡೋದು ಅಗ್ಗ. ದುಬಾರಿ ಬಾಬತ್ತು ‘ಫಿಟ್‌ನೆಸ್ ಟು ಪ್ರಾಕ್ಟೀಸ್’. ಒಬ್ಬ ನರ್ಸ್ ಮೇಲೆ ದೂರು ಬಂದರೆ ಅದನ್ನು ತನಿಖೆ ಮಾಡಿ, ಬೇಕಾದರೆ ವಿಚಾರಣೆಗೆ ತರುವ ವ್ಯವಸ್ಥೆ ಅದು. ಆ ವರ್ಷಗಳಲ್ಲಿ ಎನ್‌ಎಂಸಿ ಖರ್ಚಿನ ಮುಕ್ಕಾಲು ಪಾಲು ಅದಕ್ಕೇ ಹೋಗುತ್ತಿತ್ತು. ದೂರು ಬರೋದು ವರ್ಷಕ್ಕೆ ಶೇ. 1ಕ್ಕಿಂತ ಕಡಿಮೆ ಜನರ ಮೇಲೆ. ಅಂದರೆ ಕಟ್ಟುವವರು ಎಲ್ಲರೂ, ಖರ್ಚು ಹುಟ್ಟಿಸುವವರು ಬೆರಳೆಣಿಕೆ ಮಂದಿ.

ವಿಚಾರಣೆ ಯಾಕೆ ದುಬಾರಿ? ಸಾರ್ವಜನಿಕವಾಗಿ ನಡೆಯುತ್ತದೆ. ಪ್ಯಾನೆಲ್‌ನಲ್ಲಿ ವೃತ್ತಿಯವರ ಜೊತೆಗೆ ಹೊರಗಿನವರೂ ಕೂರಬೇಕು, ಕಾನೂನು ಸಲಹೆಗಾರರು ಇರಬೇಕು, ಸಾಕ್ಷಿಗಳನ್ನು ಕರೆಸಬೇಕು. ಒಂದು ಕೇಸು ದಿನಗಟ್ಟಲೆ ಎಳೆಯುತ್ತದೆ. ಇದೆಲ್ಲ ಕಾನೂನಿನಲ್ಲೇ ಇರುವುದರಿಂದ ಎನ್‌ಎಂಸಿ ತನ್ನಿಷ್ಟಕ್ಕೆ ಕತ್ತರಿಸುವಂತಿಲ್ಲ. 2014ರಲ್ಲಿ ಬ್ರಿಟನ್ನಿನ ಕಾನೂನು ಆಯೋಗಗಳು ಇದನ್ನೆಲ್ಲ ಸರಳ ಮಾಡುವ ಮಸೂದೆಯ ಕರಡನ್ನೇ ಬರೆದುಕೊಟ್ಟವು. ಅದು ಸಂಸತ್ತಿಗೆ ಬರಲೇ ಇಲ್ಲ. ಇತ್ತ ರೋಗಿಗಳ ಆರೈಕೆ ತೀರಾ ಕೆಟ್ಟಿದ್ದ ಮಿಡ್ ಸ್ಟಾಫರ್ಡ್‌ಶೈರ್ ಆಸ್ಪತ್ರೆಯ ಬಗ್ಗೆ 2013ರ ಫ್ರಾನ್ಸಿಸ್ ವರದಿ ಬಂದು, ನಿಯಂತ್ರಕರು ಕಣ್ಣು ಮುಚ್ಚಿ ಕೂತಿದ್ದಾರೆ ಅನ್ನೋ ಮಾತು ಜೋರಾಗಿತ್ತು. ಕೇಸುಗಳನ್ನು ಬೇಗ ಮುಗಿಸಿ ಅನ್ನೋ ಒತ್ತಡ ಒಂದು ಕಡೆ, ಹಳೆ ಕಾನೂನು ಇನ್ನೊಂದು ಕಡೆ. ನನ್ನ ಅನಿಸಿಕೆ ಹೇಳಬೇಕೆಂದರೆ, ಶುಲ್ಕದ ಬೈಗುಳದಲ್ಲಿ ಅರ್ಧ ಸಂಸತ್ತಿಗೆ ಸೇರಬೇಕಿತ್ತು.

ಅನುದಾನ ಬಂದಮೇಲೂ ಎರಡೇ ವರ್ಷಕ್ಕೆ ಮತ್ತೆ ಏಕೆ ಏರಿತು

2 ಕೋಟಿ ಪೌಂಡ್ ದೊಡ್ಡದಾಗಿ ಕಾಣುತ್ತದೆ, ಅಲ್ವಾ? ತಲೆಗೆ ಹಂಚಿ ನೋಡಿ. ಆಗ ರಿಜಿಸ್ಟರ್‌ನಲ್ಲಿ ಇದ್ದವರು ಸುಮಾರು 6.7 ಲಕ್ಷ. 120ರ ಬದಲು 100 ತಗೊಂಡರೆ ಒಬ್ಬರಿಗೆ 20 ಪೌಂಡ್ ಖೋತಾ. ಒಟ್ಟು ವರ್ಷಕ್ಕೆ 1.34 ಕೋಟಿ. ಹಾಗಾದರೆ 2 ಕೋಟಿ ಎಷ್ಟು ದಿನ ತಡೆಯುತ್ತದೆ? ಸುಮಾರು ಒಂದೂವರೆ ವರ್ಷ. ಅನುದಾನ ಒಂದೇ ಸಲ ಬರುವಂಥದ್ದು, ಖೋತಾ ವರ್ಷ ವರ್ಷವೂ ಬರುವಂಥದ್ದು. ಪರೀಕ್ಷೆಯ ಪ್ರಶ್ನೆಯಲ್ಲಿ ‘ಅನುದಾನ’ ಅಂತ ಕಂಡ ತಕ್ಷಣ ಅದು ಒಮ್ಮೆ ಬರೋದೋ, ಪ್ರತಿ ವರ್ಷ ಬರೋದೋ ಅಂತ ನೋಡಿಬಿಡಿ. ಈ ಒಂದು ಅಭ್ಯಾಸದಿಂದ ಅರ್ಧ ಪ್ರಶ್ನೆಗಳು ತಾವಾಗಿ ಬಿಡಿಸಿಕೊಳ್ಳುತ್ತವೆ.

ಗಂಟು ಬೀಳುವ ಜಾಗ: ಏರಿಕೆಯ ಪೂರ್ತಿ ಲಾಭ ಲೆಕ್ಕಕ್ಕೆ ಬರೋದು ಯಾವಾಗ

ಶುಲ್ಕ 20 ಪೌಂಡ್ ಏರಿತು, 6.8 ಲಕ್ಷ ಜನ ಇದ್ದಾರೆ, ಹಾಗಾದರೆ ಮೊದಲ ವರ್ಷವೇ 1.36 ಕೋಟಿ ಪೌಂಡ್ ಹೆಚ್ಚುವರಿ ಆದಾಯ. ಹೀಗೆ ಬರೆದರೆ ಅಂಕ ಹೋಗುತ್ತದೆ. ಕೈಗೆ ಬರುವ ದುಡ್ಡು ಬೇರೆ, ಲೆಕ್ಕಪತ್ರದಲ್ಲಿ ಆದಾಯ ಅಂತ ತೋರಿಸುವ ದುಡ್ಡು ಬೇರೆ.

ನಿಧಾನಕ್ಕೆ ನೋಡೋಣ. ಎಲ್ಲರ ನವೀಕರಣವೂ ಒಂದೇ ದಿನ ಬರಲ್ಲ. ಒಬ್ಬರದು ಏಪ್ರಿಲ್‌ನಲ್ಲಿ, ಇನ್ನೊಬ್ಬರದು ನವೆಂಬರ್‌ನಲ್ಲಿ. ಲೆಕ್ಕಕ್ಕೆ ಸುಲಭವಾಗಲಿ ಅಂತ ತಿಂಗಳಿಗೆ ಹನ್ನೆರಡರಲ್ಲಿ ಒಂದು ಪಾಲು ಜನ, ತಿಂಗಳ ಮೊದಲ ದಿನವೇ ಕಟ್ಟುತ್ತಾರೆ ಅಂತ ಇಟ್ಟುಕೊಳ್ಳಿ. ಹೊಸ ಶುಲ್ಕ ಬಂದ ಮೊದಲ ತಿಂಗಳು 120 ಕಟ್ಟುವವರು ಆ ಒಂದು ಪಾಲು ಮಾತ್ರ. ಮಿಕ್ಕವರು ಹಳೇ 100ರಲ್ಲೇ ತಮ್ಮ ಸರದಿ ಬರುವ ತನಕ ಇರುತ್ತಾರೆ. ಹನ್ನೆರಡು ತಿಂಗಳು ಕಳೆಯುವಷ್ಟರಲ್ಲಿ ಎಲ್ಲರೂ ಒಂದು ಸಲ 120 ಕಟ್ಟಿರುತ್ತಾರೆ. ಹಾಗಾಗಿ ಬ್ಯಾಂಕಿಗೆ ಮೊದಲ ವರ್ಷವೇ 1.36 ಕೋಟಿ ಜಾಸ್ತಿ ಬಂದಿರುತ್ತದೆ. ಇಲ್ಲಿಯವರೆಗೆ ಸರಿ.

ಈಗ ಲೆಕ್ಕಪತ್ರ. ಶುಲ್ಕ ಒಂದು ವರ್ಷದ ನೋಂದಣಿಗೆ ಕೊಟ್ಟದ್ದು. ಹನ್ನೆರಡನೇ ತಿಂಗಳಲ್ಲಿ ಕಟ್ಟಿದವರ ದುಡ್ಡಿನಲ್ಲಿ ಆ ವರ್ಷಕ್ಕೆ ಸೇರೋದು ಒಂದೇ ತಿಂಗಳ ಪಾಲು. ಮಿಕ್ಕ ಹನ್ನೊಂದು ತಿಂಗಳದು ಮುಂದಿನ ವರ್ಷದ ಆದಾಯ, ಅಲ್ಲಿಯವರೆಗೆ ‘ಮುಂಗಡ ಆದಾಯ’ ಅಂತ ಹೊಣೆಯ ಪಟ್ಟಿಯಲ್ಲಿ ಕೂತಿರುತ್ತದೆ. ಮೊದಲ ತಿಂಗಳಲ್ಲಿ ಕಟ್ಟಿದವರದು ಪೂರ್ತಿ ಹನ್ನೆರಡೂ ತಿಂಗಳು ಆ ವರ್ಷಕ್ಕೇ. ನಡುವಿನವರು ನಡುವೆ. ಸರಾಸರಿ ತೆಗೆದರೆ ಒಬ್ಬರಿಗೆ ಆರೂವರೆ ತಿಂಗಳು. 20 ಪೌಂಡಿನಲ್ಲಿ ಆರೂವರೆ ತಿಂಗಳ ಪಾಲು 10.83. ಅದನ್ನು 6.8 ಲಕ್ಷದಿಂದ ಗುಣಿಸಿದರೆ ಸುಮಾರು 74 ಲಕ್ಷ. ಕೈಗೆ ಬಂದದ್ದು 1.36 ಕೋಟಿ, ಆದಾಯ ಅಂತ ತೋರಿಸಿದ್ದು 74 ಲಕ್ಷ. ಪೂರ್ತಿ 1.36 ಕೋಟಿ ಆದಾಯವಾಗಿ ಕಾಣೋದು ಎರಡನೇ ವರ್ಷದಲ್ಲಿ.

ಇದು ಸುಮ್ನೆ ಅಕೌಂಟ್ಸ್ ಕಸರತ್ತಲ್ಲ. ಶುಲ್ಕ ಏರಿಸಿದ ಮೇಲೂ ನಿಯಂತ್ರಕರು ಮೊದಲ ವರ್ಷ ಕೊರತೆ ತೋರಿಸಬಹುದು, ಬ್ಯಾಂಕಿನಲ್ಲಿ ಮಾತ್ರ ದುಡ್ಡು ತುಂಬಿರಬಹುದು. ಹೊರಗಿನವರಿಗೆ ಇದು ಮೋಸದ ಹಾಗೆ ಕಾಣುತ್ತದೆ. ಶಾರ್ಟ್‌ಕಟ್ ಬೇಕಾದರೆ: ಮೊದಲ ವರ್ಷ ಆದಾಯ ಅರ್ಧಕ್ಕಿಂತ ಚೂರು ಜಾಸ್ತಿ, ಎರಡನೇ ವರ್ಷ ಪೂರ್ತಿ. ನವೀಕರಣ ಕೆಲವು ತಿಂಗಳಲ್ಲೇ ಗುಂಪಾಗಿ ಬಂದರೆ ಈ ಅರ್ಧ ಆಚೀಚೆ ಆಗುತ್ತದೆ.

ವಾದಗಳು

ಈ ಖರ್ಚನ್ನು ಸರ್ಕಾರವೇ ಕೊಟ್ಟರೆ ಏನು? ದುಡ್ಡು ಕೊಟ್ಟವರ ಮಾತು ನಡೆಯುತ್ತದೆ ಅನ್ನೋ ಭಯ. ಆಸ್ಪತ್ರೆಗಳೇ ಕೊಡಲಿ ಅಂದರೆ, ದೂರು ಕೊಡುವವರಲ್ಲಿ ದೊಡ್ಡ ಪಾಲು ಅವರದ್ದೇ. ಹೀಗಾಗಿ ನರ್ಸ್‌ಗಳ ಜೇಬಿಗೇ ಬರುತ್ತದೆ. ಇದನ್ನು ಒಪ್ಪಿದರೂ ಒಂದು ಚುಚ್ಚು ಉಳಿಯುತ್ತದೆ. ಶುಲ್ಕ ಎಲ್ಲರಿಗೂ ಒಂದೇ. ವಾರಕ್ಕೆ ಎರಡು ಶಿಫ್ಟ್ ಮಾಡುವವರೂ 120, ವಾರ್ಡ್ ಮ್ಯಾನೇಜರೂ 120. ಡಾಕ್ಟರ್‌ಗಳ ನಿಯಂತ್ರಕ ಜಿಎಂಸಿ ಶುಲ್ಕ ಜಾಸ್ತಿ, ಆದರೆ ಅಲ್ಲಿ ಕಡಿಮೆ ಆದಾಯದವರಿಗೆ ರಿಯಾಯಿತಿ ಇದೆ. ನನಗೆ ಶುಲ್ಕದ ಮೊತ್ತಕ್ಕಿಂತ ಇದೇ ಗಟ್ಟಿ ಆಕ್ಷೇಪ ಅನಿಸುತ್ತದೆ.

120ರ ನಿರ್ಧಾರವಾದದ್ದು 2014ರ ಅಕ್ಟೋಬರ್‌ನಲ್ಲಿ. ಅದೇ ತಿಂಗಳು ಸಂಬಳಕ್ಕಾಗಿ ಎನ್‌ಎಚ್‌ಎಸ್ (ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ) ಸಿಬ್ಬಂದಿ ಮುಷ್ಕರ ಮಾಡಿದರು, ಮಿಡ್‌ವೈಫ್‌ಗಳ, ಅಂದರೆ ಸೂಲಗಿತ್ತಿಯರ ಸಂಘವಾದ ರಾಯಲ್ ಕಾಲೇಜು ತನ್ನ ಇತಿಹಾಸದಲ್ಲೇ ಮೊದಲ ಸಲ ಮುಷ್ಕರಕ್ಕೆ ಇಳಿಯಿತು. ಶುಲ್ಕದ ವಿರುದ್ಧದ ಅರ್ಜಿಗೆ ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು, 2015ರ ಮಾರ್ಚ್‌ನಲ್ಲಿ ಸಂಸತ್ತಿನಲ್ಲಿ ಚರ್ಚೆಯೂ ಆಯಿತು. 120 ಮಾತ್ರ ಕೆಳಗಿಳಿಯಲಿಲ್ಲ.

ಚಿಕ್ಕ ಚಿಕ್ಕವು

ಈ ಶುಲ್ಕಕ್ಕೆ ಆದಾಯ ತೆರಿಗೆ ರಿಯಾಯಿತಿ ಇದೆ. ಶೇ. 20ರ ದರದಲ್ಲಿ ತೆರಿಗೆ ಕಟ್ಟುವವರಿಗೆ ಸಿಗೋದು 24 ಪೌಂಡ್, ಪೂರ್ತಿ 120 ಅಲ್ಲ. ಕೇಳಿ ಪಡೆಯಬೇಕು, ತಾನಾಗಿ ಬರಲ್ಲ. ಹಿಂದಿನ ನಾಲ್ಕು ವರ್ಷಗಳದ್ದನ್ನೂ ಕೇಳಬಹುದು. ಮೂರು ತಿಂಗಳಿಗೊಮ್ಮೆ 30 ಪೌಂಡಿನಂತೆ ಕಟ್ಟುವ ಅವಕಾಶ ಆಮೇಲೆ ಬಂತು. ಅದರಿಂದ ಮೇಲಿನ ಗಂಟಿನ ಲೆಕ್ಕ ಬದಲಾಗುತ್ತದೆ: ಕಂತಿನಲ್ಲಿ ಕಟ್ಟುವವರ ವಿಷಯದಲ್ಲಿ ಕೈಗೆ ಬಂದ ದುಡ್ಡು, ತೋರಿಸುವ ಆದಾಯ ಎರಡೂ ಹತ್ತಿರ ಬರುತ್ತವೆ. ಎಷ್ಟು ಹತ್ತಿರ ಅಂತ ಮೇಲಿನ ಹನ್ನೆರಡು ಪಾಲಿನ ಪಟ್ಟಿಯನ್ನೇ ಇಟ್ಟುಕೊಂಡು ಒಂದು ಸಲ ಮಾಡಿ ನೋಡಿ.