ಕಲ್ಲು ಕಿತ್ತರು, ಗೋರಿ ಉಳಿಯಿತು

ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊ ನಗರದ ಮಿಷನ್ ಹಿಲ್ಸ್ ಬಡಾವಣೆಯಲ್ಲಿ, ಪ್ರಾಥಮಿಕ ಶಾಲೆಯೊಂದರ ಮಗ್ಗುಲಿಗೇ ಪಯೊನಿಯರ್ ಪಾರ್ಕ್ ಇದೆ. ಅದರ ಆಗ್ನೇಯ ಮೂಲೆಯಲ್ಲಿ ಸುಮಾರು 150 ಗೋರಿಕಲ್ಲುಗಳು ಸಾಲಾಗಿ ನಿಂತಿವೆ. ನೋಡಿದವರು ಸ್ಮಶಾನ ಇಷ್ಟೇ ಇತ್ತೇನೋ ಅಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಇವು ಇದೇ ಜಾಗದ ಗೋರಿಗಳ ಮೇಲಿಂದ ಕಿತ್ತು ತಂದು ಮೂಲೆಯಲ್ಲಿ ನೆಟ್ಟ ಕಲ್ಲುಗಳು. ಹೂಳಿದ ದೇಹಗಳು ಇರುವುದು ಮಕ್ಕಳು ಚೆಂಡು ಒದೆಯುವ ಹುಲ್ಲುಹಾಸಿನ ಕೆಳಗೆ.

1870ರ ದಶಕದಲ್ಲಿ ಶುರುವಾದ ಈ ಕ್ಯಾಲ್ವರಿ ಸ್ಮಶಾನ ಊರಿನ ಕ್ಯಾಥೊಲಿಕರದು. ಮೊದಲ ತಲೆಮಾರಿನ ವಲಸಿಗರು, ಪಾದ್ರಿ ಆಂಟೋನಿಯೊ ಉಬಾಕ್ ಮುಂತಾದವರು ಮಣ್ಣಾದದ್ದು ಇಲ್ಲೇ. 1919ರಲ್ಲಿ ಹೋಲಿ ಕ್ರಾಸ್ ಎಂಬ ಹೊಸ ಸ್ಮಶಾನ ತೆರೆದ ಮೇಲೆ ಇಲ್ಲಿ ಹೂಳುವುದು ತೀರಾ ಕಡಿಮೆಯಾಯಿತು. ಹೊಸ ಗೋರಿ ಇಲ್ಲವೆಂದರೆ ಹೊಸ ದುಡ್ಡೂ ಇಲ್ಲ. ಕಳೆ ಬೆಳೆಯಿತು, ಪುಂಡರು ಕಲ್ಲು ಉರುಳಿಸಿದರು. ಪಾಳುಬಿದ್ದ ಸ್ಮಶಾನವನ್ನು ಸ್ಮಾರಕ ಉದ್ಯಾನವಾಗಿ ಬದಲಿಸಲು ರಾಜ್ಯದ ಕಾನೂನು ನಗರಗಳಿಗೆ ಅವಕಾಶ ಕೊಟ್ಟಿತ್ತು. ಅದನ್ನು ಹಿಡಿದು ನಗರಾಡಳಿತ 1970ರಲ್ಲಿ ಕಲ್ಲುಗಳನ್ನು ಕೀಳಿಸಿತು. ಅಸ್ಥಿ ಎತ್ತುವ ಗೋಜಿಗೆ ಹೋಗಲಿಲ್ಲ. ಮೂಲೆಯಲ್ಲಿ ನೆಟ್ಟವು ಬಿಟ್ಟು ಮಿಕ್ಕ ನೂರಾರು ಕಲ್ಲುಗಳು ಮೌಂಟ್ ಹೋಪ್ ಸ್ಮಶಾನದ ಕೊರಕಲಿಗೆ ಬಿದ್ದವು. 1980ರ ದಶಕದಲ್ಲಿ ಪಕ್ಕದಲ್ಲೇ ಟ್ರಾಲಿ ರೈಲು ಓಡತೊಡಗಿದಾಗ ಕಿಟಕಿಯಿಂದ ಕಂಡವರು ಗಲಾಟೆ ಎಬ್ಬಿಸಿದರು. ‘ಸ್ಮಾರಕ’ ಎಂಬ ಮಾತು ಇದಕ್ಕೆ ಎಷ್ಟು ಒಪ್ಪುತ್ತದೋ!

ಆದ್ದರಿಂದ ಹೋದವರು ಮೊದಲು ನೋಡಬೇಕಾದ್ದು ಕಲ್ಲುಗಳನ್ನಲ್ಲ, ಹೆಸರು ಕೊರೆದ ಕಂಚಿನ ಫಲಕಗಳನ್ನು. ಕಲ್ಲು ಕಳೆದುಕೊಂಡ ನೂರಾರು ಜನರ ಹೆಸರು ಇರುವುದು ಅಲ್ಲಿ ಮಾತ್ರ. ಆಮೇಲೆ ಮೂಲೆಯ ಸಾಲಿಗೆ ಬನ್ನಿ. ಬೆಳಿಗ್ಗೆ ಅಥವಾ ಇಳಿಹೊತ್ತು ಒಳ್ಳೆಯದು. ನಡುಮಧ್ಯಾಹ್ನ ನೇರ ಬಿಸಿಲಿಗೆ ಸವೆದ ಅಕ್ಷರ ಕಾಣುವುದಿಲ್ಲ. ಕೈಗನ್ನಡಿ ಹಿಡಿದು ಬಿಸಿಲನ್ನು ಕಲ್ಲಿನ ಮೈಗೆ ಪಕ್ಕದಿಂದ, ಓರೆಯಾಗಿ ಹಾಯಿಸಿದರೆ ಕೊರೆದ ಗೆರೆಗಳಲ್ಲಿ ನೆರಳು ನಿಂತು ಹೆಸರು ಮೂಡುತ್ತದೆ. ಹತ್ತು ಡಿಗ್ರಿ ಆಚೀಚೆ ತಿರುಗಿಸಿ ಎರಡು ಮೂರು ಫೋಟೊ ತೆಗೆಯಿರಿ. ಒಂದರಲ್ಲಿ ಕಾಣದ ಇಸವಿ ಇನ್ನೊಂದರಲ್ಲಿ ಕಾಣುತ್ತದೆ. 3, 8 ಇವೆರಡನ್ನು ಗೊಂದಲ ಮಾಡಿಕೊಳ್ಳುವವರೇ ಹೆಚ್ಚು.

ಅಕ್ಷರ ಎದ್ದು ಕಾಣಲೆಂದು ಹಿಟ್ಟು, ಸೀಮೆಸುಣ್ಣ, ಶೇವಿಂಗ್ ಕ್ರೀಮ್ ಬಳಿಯುವವರಿದ್ದಾರೆ, ಖಂಡಿತ ಬೇಡ. ಹಿಟ್ಟು ರಂಧ್ರಗಳಲ್ಲಿ ಕೂತು ಬೂಷ್ಟು ತರುತ್ತದೆ. ಕ್ರೀಮಿನಲ್ಲಿರುವ ಆಮ್ಲ ಅಮೃತಶಿಲೆಯ ಸುಣ್ಣವನ್ನೇ ತಿನ್ನುತ್ತದೆ. ಕಾಗದ ಹಾಸಿ ಸೀಸದ ಕಡ್ಡಿ ಉಜ್ಜಿ ಅಚ್ಚು ತೆಗೆಯುವುದೂ ಹಳೆಯ ಅಮೃತಶಿಲೆಗೆ ಕೇಡು. ಮೈ ಮುಟ್ಟಿದರೆ ಸಕ್ಕರೆಯಂತೆ ಹರಳು ಕೈಗೆ ಹತ್ತುತ್ತಿದ್ದರೆ ಆ ಕಲ್ಲು ಉಜ್ಜಾಟ ತಡೆಯುವುದಿಲ್ಲ.

ಫಲಕದಲ್ಲಿ ಹೆಸರಿದ್ದು ಕಲ್ಲು ಸಿಗದಿದ್ದರೆ ಚರ್ಚಿನ ಹಳೆಯ ಮರಣ ದಾಖಲೆ ಹುಡುಕಬೇಕು. ಹೆಸರಿನ ಕಾಗುಣಿತವನ್ನು ಸ್ಪ್ಯಾನಿಷ್, ಇಂಗ್ಲಿಷ್ ಎರಡರಲ್ಲೂ ಬರೆದುಕೊಂಡು ಹೋಗಿ. ಹುವಾನ್ ಒಂದು ಕಡೆ, ಜಾನ್ ಇನ್ನೊಂದು ಕಡೆ; ಇಬ್ಬರೂ ಒಬ್ಬನೇ.